ಮೂರೇ ಟೆಸ್ಟ್: ಕೆವಿನ್ ಓಬ್ರಿಯನ್ ಆಡಿದ ಆಟ



ಒಬ್ಬ ಕ್ರಿಕೆಟಿಗನ ಬಗ್ಗೆ ಮಾತಾಡಿ ಎಂದು ಕೇಳಿದಾಗ ಸಂಘಟಕರ ಮನಸ್ಸಿನಲ್ಲಿ ಯಾರಿದ್ದಿರಬಹುದು ಎಂದು ಊಹಿಸಬಲ್ಲೆ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ, ದ್ರಾವಿಡ್. ನಮ್ಮ ಪಟ್ಟಿ ದೊಡ್ಡದು, ಅವರ ಬಗ್ಗೆ ಹೇಳಬಲ್ಲವರ ಪಟ್ಟಿ ಇನ್ನೂ ದೊಡ್ಡದು. ಇಂದು ನಾನು ಆರಿಸಿಕೊಂಡಿರುವುದು ಡಬ್ಲಿನ್ ನಗರದ ಕೆವಿನ್ ಓಬ್ರಿಯನ್ ಅವರನ್ನು. ಹೆಸರು ಕೇಳಿದ ಕೂಡಲೇ ಕೆಲವರ ಮುಖದಲ್ಲಿ ನಗು ಮೂಡಿದ್ದು ಇಲ್ಲಿಂದಲೇ ಕಾಣುತ್ತಿದೆ. ಗುಲಾಬಿ ಬಣ್ಣದ ಕೂದಲಿನವರು ತಾನೆ ಎಂದು ನೆನಪಾಗಿರಬೇಕು. ಹೌದು, ಅವರೇ. ಆದರೆ ಆ ಕೂದಲಿನ ಸಂಜೆಗೆ ಬರುವ ಮುನ್ನ ನಿಮ್ಮನ್ನು ಸ್ವಲ್ಪ ಸುತ್ತುದಾರಿಯಲ್ಲಿ ಕರೆದೊಯ್ಯಬೇಕಾಗಿದೆ.

ಲೆಕ್ಕದಿಂದಲೇ ತೊಡಗೋಣ. ರಾಹುಲ್ ದ್ರಾವಿಡ್ ಮೊದಲ ಏಕದಿನ ಪಂದ್ಯ ಆಡಿದ್ದು 1996ರ ಏಪ್ರಿಲ್‌ನಲ್ಲಿ, ಕೊನೆಯದು 2011ರ ಸೆಪ್ಟೆಂಬರ್‌ನಲ್ಲಿ. ಹದಿನೈದು ವರ್ಷ, 344 ಪಂದ್ಯ. ಕೆವಿನ್ ಓಬ್ರಿಯನ್ ಮೊದಲ ಏಕದಿನ ಪಂದ್ಯ ಆಡಿದ್ದು 2006ರ ಜೂನ್‌ನಲ್ಲಿ, ಏಕದಿನ ಆಟಕ್ಕೆ ವಿದಾಯ ಹೇಳಿದ್ದು 2021ರ ಜೂನ್‌ನಲ್ಲಿ. ಅದೇ ಹದಿನೈದು ವರ್ಷ, 153 ಪಂದ್ಯ. ಟೆಸ್ಟ್‌ಗೆ ಬಂದರೆ ದ್ರಾವಿಡ್ 164, ಕೆವಿನ್ 3. ಯಾರು ದೊಡ್ಡ ಆಟಗಾರ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಅದಕ್ಕೆ ಉತ್ತರ ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಮಾತು ಬೇರೆ. ಚಿಕ್ಕ ಕ್ರಿಕೆಟ್ ದೇಶದಲ್ಲಿ ಹುಟ್ಟಿದ ಆಟಗಾರನನ್ನು ಅಳೆಯುವಾಗ ಅವನು ಗಳಿಸಿದ್ದನ್ನು ಮಾತ್ರ ನೋಡಿದರೆ ಸಾಲದು, ಅವನಿಗೆ ಎಷ್ಟು ಸಲ ಮೈದಾನಕ್ಕೆ ಇಳಿಯಲು ಬಿಟ್ಟರು ಎಂಬುದನ್ನೂ ನೋಡಬೇಕು. ರನ್ನಿನ ಲೆಕ್ಕ ಇಡುವವರು ಸಾವಿರಾರು ಮಂದಿ. ಆಡಿಸದೆ ಉಳಿದ ಪಂದ್ಯಗಳಿಗೆ ಸ್ಕೋರರ್ ಇಲ್ಲ.

ಐರ್ಲೆಂಡ್ ಎಂದರೆ ನಮಗೆ ಕ್ರಿಕೆಟ್ ನೆನಪಾಗದಿರುವುದು ಸಹಜ. ಅಲ್ಲಿಯವರಿಗೂ ಬಹುಕಾಲ ಹಾಗೆಯೇ ಇತ್ತು. ಅಲ್ಲಿ ಊರೂರಿನ ಆಟ ಹರ್ಲಿಂಗ್ ಮತ್ತು ಗೇಲಿಕ್ ಫುಟ್ಬಾಲ್. ಕ್ರಿಕೆಟ್ ಎಂದರೆ ಬ್ರಿಟಿಷ್ ಪಡೆಗಳ ಬಿಡಾರದ ಆಟ, ಆಳುವವರ ಆಟ. ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ತನ್ನ ಸದಸ್ಯರು ಇಂಥ ‘ಪರಕೀಯ’ ಆಟಗಳನ್ನು ಆಡಕೂಡದೆಂದು ವಿಧಿಸಿದ್ದ ನಿಷೇಧ ತೆಗೆದದ್ದು 1971ರಲ್ಲಿ. ಅದೇ ಬ್ರಿಟಿಷರಿಂದ ಬಂದ ಅದೇ ಆಟವನ್ನು ನಾವು ಎರಡೂ ಕೈಗಳಿಂದ ಅಪ್ಪಿಕೊಂಡೆವು, ಅವರು ದೂರ ಇಟ್ಟರು. ಯಾಕೆ ಹೀಗಾಯಿತು ಎಂಬುದು ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟು ದೊಡ್ಡ ವಿಷಯ, ಇಂದು ಅದಕ್ಕೆ ಕೈ ಹಾಕುವುದಿಲ್ಲ.

ಆದರೂ ಅಲ್ಲಿ ಆಟ ಬದುಕಿತ್ತು. 1969ರಲ್ಲಿ ಸಯನ್ ಮಿಲ್ಸ್ ಎಂಬ ಪುಟ್ಟ ಊರಿನಲ್ಲಿ ಐರ್ಲೆಂಡ್ ತಂಡ ವೆಸ್ಟ್ ಇಂಡೀಸನ್ನು 25 ರನ್ನಿಗೆ ಉರುಳಿಸಿತ್ತು. ರಾಜಕೀಯವಾಗಿ ಎರಡಾಗಿ ಒಡೆದ ದ್ವೀಪ ಕ್ರಿಕೆಟ್‌ನಲ್ಲಿ ಒಂದೇ ತಂಡವಾಗಿ ಆಡುತ್ತದೆ. ಬೆಲ್‌ಫಾಸ್ಟ್‌ನವನೂ ಡಬ್ಲಿನ್‌ನವನೂ ಒಂದೇ ಟೋಪಿ ಹಾಕುತ್ತಾರೆ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಸಹ ಸದಸ್ಯತ್ವ ಸಿಕ್ಕಿದ್ದು ಮಾತ್ರ 1993ರಲ್ಲಿ.

ಕೆವಿನ್ ಹುಟ್ಟಿದ್ದು 1984ರ ಮಾರ್ಚ್ 4ರಂದು, ಡಬ್ಲಿನ್‌ನಲ್ಲಿ, ಆಟವೇ ಮನೆಮಾತಾಗಿದ್ದ ಮನೆಯಲ್ಲಿ. ತಂದೆ ಬ್ರೆಂಡನ್ ಐರ್ಲೆಂಡ್ ಪರ ಕ್ರಿಕೆಟ್ ಆಡಿದವರು. ಅಣ್ಣ ನೀಲ್ ವಿಕೆಟ್ ಕೀಪರ್, ಕೆವಿನ್ ಜೊತೆಗೇ ದೇಶಕ್ಕೆ ಆಡಿದವರು. ಅಕ್ಕ ಐರ್ಲೆಂಡ್ ಹಾಕಿ ತಂಡದಲ್ಲಿದ್ದರು. ಸ್ಯಾಂಡಿಮೌಂಟ್‌ನ ರೈಲ್ವೆ ಯೂನಿಯನ್ ಕ್ಲಬ್ಬೇ ಇವರ ಅಂಗಳ. ಕ್ರಿಕೆಟ್, ಹಾಕಿ ಎಲ್ಲ ಒಂದೇ ಕಡೆ ನಡೆಯುವ ಕ್ಲಬ್ ಅದು. ನಮ್ಮಲ್ಲಿ ಸಂಗೀತದ ಮನೆತನಗಳಿರುವಂತೆ ಚಿಕ್ಕ ಕ್ರಿಕೆಟ್ ದೇಶಗಳಲ್ಲಿ ಆಟದ ಮನೆತನಗಳಿರುತ್ತವೆ. ಶಾಲೆಯೂ ಸರ್ಕಾರವೂ ಕಲಿಸದ ಆಟ ಮನೆಯಿಂದ ಮನೆಗೇ ಸಾಗಬೇಕು.

2006ರ ಜೂನ್ 13, ಬೆಲ್‌ಫಾಸ್ಟ್‌ನ ಸ್ಟಾರ್ಮಾಂಟ್ ಮೈದಾನ. ಐರ್ಲೆಂಡ್‌ನ ಮೊಟ್ಟಮೊದಲ ಏಕದಿನ ಪಂದ್ಯ, ಎದುರಾಳಿ ಇಂಗ್ಲೆಂಡ್. ಇಪ್ಪತ್ತೆರಡರ ಕೆವಿನ್ ತಮ್ಮ ಮೊದಲ ಎಸೆತದಲ್ಲೇ ಆಂಡ್ರ್ಯೂ ಸ್ಟ್ರಾಸ್ ವಿಕೆಟ್ ಪಡೆದರು. ಆ ದಿನದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಎನಿಸುತ್ತದೆ. ಡಬ್ಲಿನ್‌ನ ಜಾಯ್ಸ್ ಮನೆತನದ ಇಬ್ಬರು ಅಣ್ಣತಮ್ಮಂದಿರು ಅಂದೇ ಏಕದಿನ ಕ್ರಿಕೆಟ್‌ಗೆ ಕಾಲಿಟ್ಟರು. ಡಾಮಿನಿಕ್ ಐರ್ಲೆಂಡ್ ಪರ, ಎಡ್ ಇಂಗ್ಲೆಂಡ್ ಪರ. ಒಂದೇ ತಾಯಿಯ ಮಕ್ಕಳು ಎದುರುಬದುರು ಆಡಿದ ಆ ಪಂದ್ಯ ಗೊತ್ತಿದ್ದರೆ ಚಿಕ್ಕ ದೇಶದ ಕ್ರಿಕೆಟ್‌ನ ಅರ್ಧ ಕಥೆ ಗೊತ್ತಾದಂತೆ.

ಎಡ್ ಜಾಯ್ಸ್ ಹೋದರು. ಡಬ್ಲಿನ್‌ನವರೇ ಆದ ಓಯಿನ್ ಮಾರ್ಗನ್ 2007ರ ವಿಶ್ವಕಪ್‌ನಲ್ಲಿ ಐರ್ಲೆಂಡ್‌ಗೆ ಆಡಿ, 2009ರಲ್ಲಿ ಇಂಗ್ಲೆಂಡ್‌ಗೆ ಹೋದರು. ವೇಗಿ ಬಾಯ್ಡ್ ರ‍್ಯಾಂಕಿನ್ ಹೋದರು, ಇಂಗ್ಲೆಂಡ್ ಪರ ಒಂದೇ ಒಂದು ಟೆಸ್ಟ್ ಆಡಿ ಮರಳಿ ಬಂದರು. ಇವರನ್ನು ದೂರುವುದು ಸುಲಭ. ಟೆಸ್ಟ್ ಆಡಬೇಕೆಂಬ ಆಸೆ ಇದ್ದ ಐರಿಷ್ ಹುಡುಗನಿಗೆ ಆಗ ಬೇರೆ ಬಾಗಿಲೇ ಇರಲಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಡಬ್ಲಿನ್ ಬಳಿಯ ಮಾಲಹೈಡ್‌ನಲ್ಲಿ ಐರ್ಲೆಂಡ್ ಇಂಗ್ಲೆಂಡ್ ವಿರುದ್ಧ 269 ರನ್ ಮಾಡಿತು. ಐರ್ಲೆಂಡ್‌ನ ನಾಲ್ಕು ವಿಕೆಟ್ ಕಿತ್ತವರು ರ‍್ಯಾಂಕಿನ್. ಬೆನ್ನಟ್ಟುವಾಗ ಔಟಾಗದೆ 124 ರನ್ ಹೊಡೆದವರು ಮಾರ್ಗನ್. ಐರಿಷರು ತಾವು ಬೆಳೆಸಿದವರ ಕೈಯಲ್ಲೇ ತಮ್ಮ ಮೈದಾನದಲ್ಲೇ ಸೋತರು.

ಕೆವಿನ್ ಉಳಿದರು. ಇದನ್ನು ತ್ಯಾಗ ಎಂದು ಹಾಡಿ ಹೊಗಳುವುದು ನನಗೆ ಇಷ್ಟವಿಲ್ಲ. ಇಂಗ್ಲೆಂಡ್‌ನ ಕೌಂಟಿಗಳಲ್ಲಿ ಅವರು ಅಲ್ಲಿಷ್ಟು ಇಲ್ಲಿಷ್ಟು ಆಡಿದರೇ ಹೊರತು ಎಲ್ಲೂ ಬೇರು ಬಿಡಲಿಲ್ಲ. ನಡುವೆ ಮಿಂಚಿದ್ದುಂಟು: 2011ರಲ್ಲಿ ಗ್ಲಾಸ್ಟರ್‌ಷೈರ್ ಪರ ಮಿಡ್ಲ್‌ಸೆಕ್ಸ್ ವಿರುದ್ಧ ಟಿ20ಯಲ್ಲಿ 52 ಎಸೆತಕ್ಕೆ 119. ಆದರೆ ಇಂಗ್ಲೆಂಡ್ ತಂಡದ ಬಾಗಿಲು ತಟ್ಟುವಷ್ಟು ಸತತ ಆಟ ಅವರದಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ.

2007ರ ವಿಶ್ವಕಪ್ ತಂಡದಲ್ಲಿ ಕ್ರಿಕೆಟ್ಟನ್ನೇ ನಂಬಿ ಬದುಕುತ್ತಿದ್ದವರು ಕಡಿಮೆ. ಶಾಲೆಯಲ್ಲಿ ಪಾಠ ಹೇಳುವವರಿದ್ದರು. ನಾಯಕ ಟ್ರೆಂಟ್ ಜಾನ್‌ಸ್ಟನ್ ಬಟ್ಟೆ ಮಾರಾಟದ ಕೆಲಸದಲ್ಲಿದ್ದವರು. ಜಮೈಕಾದ ಸಬೀನಾ ಪಾರ್ಕ್‌ನಲ್ಲಿ, ಐರಿಷ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಈ ತಂಡ ಪಾಕಿಸ್ತಾನವನ್ನು 132ಕ್ಕೆ ಕಟ್ಟಿಹಾಕಿ ಮೂರು ವಿಕೆಟ್‌ಗಳಿಂದ ಗೆದ್ದಿತು. ಅಣ್ಣ ನೀಲ್ 72 ಹೊಡೆದರು. ತಮ್ಮ ಕೆವಿನ್ ಕೊನೆಯವರೆಗೂ ನಿಂತರು. ಮರುದಿನ ಪಾಕಿಸ್ತಾನದ ಕೋಚ್ ಬಾಬ್ ವುಲ್ಮರ್ ತೀರಿಕೊಂಡ ಸುದ್ದಿ ಬಂತು; ಆ ಗೆಲುವಿನ ಮಾತು ಸುದ್ದಿಯಲ್ಲಿ ಮುಳುಗಿಹೋಯಿತು.

ಈಗ ಬೆಂಗಳೂರಿಗೆ ಬರೋಣ. 2011ರ ಮಾರ್ಚ್ 2, ಬುಧವಾರ. ಅಂದು ಮಹಾಶಿವರಾತ್ರಿ. ಮೂರು ದಿನ ಹಿಂದಷ್ಟೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ತಲಾ 338 ರನ್ ಮಾಡಿ ಪಂದ್ಯ ಟೈ ಆಗಿತ್ತು. ನಮ್ಮವರ ಉಸಿರು ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು. ಇಂಗ್ಲೆಂಡ್–ಐರ್ಲೆಂಡ್ ಪಂದ್ಯ ಯಾರಿಗೆ ಬೇಕಿತ್ತು? ಇಂಗ್ಲೆಂಡ್ 8 ವಿಕೆಟ್‌ಗೆ 327 ಮಾಡಿತು. ಟ್ರಾಟ್ 92, ಬೆಲ್ 81. ಐರ್ಲೆಂಡ್ ಇನಿಂಗ್ಸ್‌ನ ಮೊದಲ ಎಸೆತದಲ್ಲೇ ನಾಯಕ ಪೋರ್ಟರ್‌ಫೀಲ್ಡ್ ಬೌಲ್ಡ್. 111 ರನ್ ಆಗುವಷ್ಟರಲ್ಲಿ ಐದು ವಿಕೆಟ್ ಹೋದವು. ಅರ್ಧ ಓವರುಗಳು ಮುಗಿಯುತ್ತ ಬಂದಿದ್ದವು, ಗುರಿ ಇನ್ನೂ 217 ರನ್ ದೂರ.

ಕ್ರೀಸಿನಲ್ಲಿದ್ದ ಕೆವಿನ್ ಅವರ ತಲೆಗೂದಲು ಗುಲಾಬಿಗೂ ನೇರಳೆಗೂ ನಡುವಿನ ಬಣ್ಣದಲ್ಲಿತ್ತು. ಕ್ಯಾನ್ಸರ್ ರೋಗಿಗಳ ನೆರವಿಗೆ ಹಣ ಕೂಡಿಸಲೆಂದು ಬಣ್ಣ ಹಚ್ಚಿಸಿಕೊಂಡಿದ್ದರು. ಜೊತೆಗೆ ನಿಂತವರು ಬ್ರಿಸ್ಬೇನ್‌ನಲ್ಲಿ ಹುಟ್ಟಿದ ಅಲೆಕ್ಸ್ ಕ್ಯುಸ್ಯಾಕ್. ಆಗಿನ ನಿಯಮದಲ್ಲಿ ಐದು ಓವರುಗಳ ಬ್ಯಾಟಿಂಗ್ ಪವರ್‌ಪ್ಲೇ ಯಾವಾಗ ಬೇಕೆಂದು ಆರಿಸುವ ಹಕ್ಕು ಬ್ಯಾಟಿಂಗ್ ತಂಡದ್ದು. ಬಹುಪಾಲು ತಂಡಗಳು ಅದನ್ನು ಕೊನೆಗೆಂದು ಎತ್ತಿಡುತ್ತಿದ್ದವು. ಇವರಿಬ್ಬರು ಎತ್ತಿಡಲಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರ ಧೈರ್ಯ ಎನ್ನುತ್ತಾರೆ. ನನಗೆ ಅದು ಲೆಕ್ಕ ಬಲ್ಲವರ ಧೈರ್ಯವಾಗಿ ಕಾಣುತ್ತದೆ. ಕೊನೆಯವರೆಗೆ ಕಾದರೆ ಕೈಯಲ್ಲಿ ವಿಕೆಟ್ಟೇ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮೂವತ್ತು ಎಸೆತಕ್ಕೆ ಅರ್ಧಶತಕ, ಅಲ್ಲಿಂದ ಇಪ್ಪತ್ತೇ ಎಸೆತಕ್ಕೆ ಶತಕ. 50 ಎಸೆತಗಳ ಆ ಶತಕ ವಿಶ್ವಕಪ್ ಇತಿಹಾಸದಲ್ಲೇ ಅತಿ ವೇಗದ್ದಾಯಿತು. ಹಿಂದಿನದು ಮ್ಯಾಥ್ಯೂ ಹೇಡನ್ ಅವರ 66 ಎಸೆತದ್ದು. ಕ್ಯುಸ್ಯಾಕ್ ಜೊತೆ ಆರನೇ ವಿಕೆಟ್‌ಗೆ 162 ರನ್. ಕ್ಯುಸ್ಯಾಕ್ 47ಕ್ಕೆ ರನ್‌ಔಟ್ ಆದರು. ಕೆವಿನ್ 63 ಎಸೆತಗಳಲ್ಲಿ 13 ಬೌಂಡರಿ, 6 ಸಿಕ್ಸರ್ ಬಾರಿಸಿ 113 ಮಾಡಿ, ಗೆಲುವು ಕೈಗೆಟುಕುವಾಗ ಅವರೂ ರನ್‌ಔಟ್. ಮುಗಿಸಿದವರು ಜಾನ್ ಮೂನಿ, ಒಂದು ಬೌಂಡರಿಯಿಂದ. ಐದು ಎಸೆತ ಬಾಕಿ ಇರುವಂತೆ 329. ವಿಶ್ವಕಪ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ದೊಡ್ಡ ಮೊತ್ತ ಬೆನ್ನಟ್ಟಿ ಗೆದ್ದಿರಲಿಲ್ಲ. ಸೋತ ನಾಯಕ ಯಾರು ಗೊತ್ತೆ? ಬೆಲ್‌ಫಾಸ್ಟ್‌ನಲ್ಲಿ ಕೆವಿನ್ ಅವರ ಮೊದಲ ಎಸೆತಕ್ಕೆ ಔಟಾಗಿದ್ದ ಅದೇ ಸ್ಟ್ರಾಸ್. ಜಾಗರಣೆಗೆ ಕುಳಿತ ಬೆಂಗಳೂರಿಗೆ ಅಂದು ನಿದ್ದೆ ತಡೆಯಲು ಬೇರೇನೂ ಬೇಕಿರಲಿಲ್ಲ.

ಆ ವೇಗದ ದಾಖಲೆ ಹನ್ನೆರಡು ವರ್ಷ ಉಳಿಯಿತು. ಡಿವಿಲಿಯರ್ಸ್ ಬಂದರು, 52 ಎಸೆತ. ಮ್ಯಾಕ್ಸ್‌ವೆಲ್ ಬಂದರು, 51 ಎಸೆತ. 2023ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಮಾರ್ಕ್ರಮ್ 49 ಎಸೆತಕ್ಕೆ ಅದನ್ನು ಮುರಿದರು, ಅದೇ ತಿಂಗಳು ಅದೇ ಮೈದಾನದಲ್ಲಿ ಮ್ಯಾಕ್ಸ್‌ವೆಲ್ 40ಕ್ಕೆ ಇಳಿಸಿದರು.

ಬೆಂಗಳೂರಿನ ಆ ಗೆಲುವಿನ ಬಳಿಕ ಐರ್ಲೆಂಡ್‌ಗೆ ಸಿಕ್ಕ ಬಹುಮಾನ ಕೇಳಿ. ಅದೇ 2011ರ ಏಪ್ರಿಲ್ 2ರಂದು ಮುಂಬೈಯಲ್ಲಿ ಧೋನಿ ಸಿಕ್ಸರ್ ಬಾರಿಸಿದರು, ನಾವು ಬೀದಿಗಿಳಿದು ಕುಣಿದೆವು. ಏಪ್ರಿಲ್ 4ರಂದು ಅದೇ ಮುಂಬೈಯಲ್ಲಿ ಸೇರಿದ ಅಂತರರಾಷ್ಟ್ರೀಯ ಮಂಡಳಿ 2015ರ ವಿಶ್ವಕಪ್‌ಗೆ ಹತ್ತೇ ತಂಡ ಸಾಕು, ಆ ಹತ್ತೂ ಪೂರ್ಣ ಸದಸ್ಯರೇ ಇರಲಿ ಎಂದು ತೀರ್ಮಾನಿಸಿತು. ಪ್ರತಿಭಟನೆ ಎದ್ದು ಜೂನ್‌ನಲ್ಲಿ ಅದನ್ನು ಹಿಂತೆಗೆದುಕೊಂಡರು. 2015ರಲ್ಲಿ ಹದಿನಾಲ್ಕು ತಂಡ ಆಡಿದವು. ಐರ್ಲೆಂಡ್ 300 ದಾಟಿದ ಗುರಿ ಬೆನ್ನಟ್ಟಿ ವೆಸ್ಟ್ ಇಂಡೀಸನ್ನು ಸೋಲಿಸಿತು, ಅರಬ್ ಎಮಿರೇಟ್ಸ್ ವಿರುದ್ಧ ಕೆವಿನ್ 25 ಎಸೆತಕ್ಕೆ 50 ಹೊಡೆದು ಸೋಲುತ್ತಿದ್ದ ಪಂದ್ಯ ತಿರುಗಿಸಿದರು. 2019ಕ್ಕೆ ಮತ್ತೆ ಹತ್ತೇ ತಂಡ. 2018ರ ಮಾರ್ಚ್‌ನಲ್ಲಿ ಹರಾರೆಯಲ್ಲಿ ಅಫ್ಘಾನಿಸ್ತಾನಕ್ಕೆ ಸೋತ ಐರ್ಲೆಂಡ್ ಹೊರಗುಳಿಯಿತು. ಬೇರೆ ಆಟಗಳು ವಿಶ್ವಕಪ್ಪನ್ನು ಹಿಗ್ಗಿಸುವಾಗ ಕುಗ್ಗಿಸಿದ ಆಟ ನಮ್ಮದು. ಇದನ್ನು ಸಣ್ಣತನ ಎಂದು ಕರೆಯಲು ನನಗೆ ಸಂಕೋಚವಿಲ್ಲ. ಆ ಸಣ್ಣತನದಲ್ಲಿ ನಮ್ಮ ದೇಶದ ಮಂಡಳಿಯ ಪಾಲೂ ಇತ್ತು.

ಅದರ ನಡುವೆ ಒಂದು ಬಾಗಿಲು ತೆರೆಯಿತು. 2017ರ ಜೂನ್ 22ರಂದು ಐರ್ಲೆಂಡ್ ಮತ್ತು ಅಫ್ಘಾನಿಸ್ತಾನ ಎರಡಕ್ಕೂ ಪೂರ್ಣ ಸದಸ್ಯತ್ವ, ಅಂದರೆ ಟೆಸ್ಟ್ ಆಡುವ ಹಕ್ಕು, ಸಿಕ್ಕಿತು. ಅಫ್ಘಾನಿಸ್ತಾನ ಮೊದಲ ಟೆಸ್ಟ್ ಆಡಿದ್ದು 2018ರ ಜೂನ್‌ನಲ್ಲಿ, ನಮ್ಮ ಚಿನ್ನಸ್ವಾಮಿಯಲ್ಲೇ. ಭಾರತ ಎರಡೇ ದಿನಕ್ಕೆ ಗೆದ್ದಿತು. ಐರ್ಲೆಂಡ್ ಒಂದು ತಿಂಗಳು ಮೊದಲು ಮಾಲಹೈಡ್‌ನಲ್ಲಿ ಪಾಕಿಸ್ತಾನದ ಎದುರು ಇಳಿಯಿತು. ನನ್ನ ದೃಷ್ಟಿಯಲ್ಲಿ ಕೆವಿನ್ ಅವರ ನಿಜವಾದ ಇನಿಂಗ್ಸ್ ಇರುವುದು ಅಲ್ಲಿ.

ಮೊದಲ ದಿನ ಮಳೆ, ಒಂದು ಎಸೆತವೂ ಆಗಲಿಲ್ಲ. ಪಾಕಿಸ್ತಾನ 9 ವಿಕೆಟ್‌ಗೆ 310 ಮಾಡಿ ಡಿಕ್ಲೇರ್ ಮಾಡಿತು. ಐರ್ಲೆಂಡ್ 7 ರನ್‌ಗೆ 4 ವಿಕೆಟ್ ಕಳೆದುಕೊಂಡು, ಕೊನೆಗೆ 130ಕ್ಕೆ ಆಲೌಟ್. ಅದರಲ್ಲಿ ಹೆಚ್ಚಿನ ಗಳಿಕೆ ಕೆವಿನ್ ಅವರ 40. ಫಾಲೋಆನ್. ಎರಡನೇ ಸಲವೂ 157ಕ್ಕೆ ಆರು ಹೋದವು. ಇನಿಂಗ್ಸ್ ಸೋಲು ತಪ್ಪಿಸಲು ಇನ್ನೂ 23 ರನ್ ಬೇಕಿತ್ತು. ಮೂವತ್ತನಾಲ್ಕರ ಕೆವಿನ್ ಯುವಕ ಸ್ಟುವರ್ಟ್ ಥಾಂಪ್ಸನ್ ಜೊತೆ ನಿಂತರು. ಅಮೀರ್, ಅಬ್ಬಾಸ್, ಶಾದಾಬ್ ಎದುರಿಗೆ. ಬೆಂಗಳೂರಿನಲ್ಲಿ 63 ಎಸೆತಕ್ಕೆ 113 ಬಾರಿಸಿದವರು ಇಲ್ಲಿ 118ಕ್ಕೆ ತೆಗೆದುಕೊಂಡದ್ದು 217 ಎಸೆತ. ಹೊರಹೋಗುವ ಚೆಂಡನ್ನು ಬಿಟ್ಟರು, ಮೈಮೇಲೆ ಬಂದದ್ದನ್ನು ಇಳಿಸಿದರು, ಕೆಟ್ಟದ್ದಕ್ಕೆ ಕಾದರು. ಥಾಂಪ್ಸನ್ ಜೊತೆ 114 ರನ್ ಬಂತು. ನಾಲ್ಕನೇ ದಿನದ ಕೊನೆಗೆ ಐರ್ಲೆಂಡ್ 7 ವಿಕೆಟ್‌ಗೆ 319. ಐದನೇ ಬೆಳಿಗ್ಗೆ ಕೆವಿನ್ ತಮ್ಮ ಮೊತ್ತಕ್ಕೆ ಒಂದೂ ಸೇರಿಸದೆ ಔಟಾದರು. 160ರ ಗುರಿ ಹಿಡಿದ ಪಾಕಿಸ್ತಾನ 14ಕ್ಕೆ 3 ಎಂದಾಗ ಮಾಲಹೈಡ್‌ಗೆ ಒಂದು ಗಳಿಗೆ ಆಸೆ ಹುಟ್ಟಿತು. ಐದು ವಿಕೆಟ್‌ಗಳಿಂದ ಪಾಕಿಸ್ತಾನ ಗೆದ್ದಿತು.

ತನ್ನ ದೇಶದ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದವರು ಆವರೆಗೆ ಮೂವರೇ: 1877ರಲ್ಲಿ ಆಸ್ಟ್ರೇಲಿಯದ ಚಾರ್ಲ್ಸ್ ಬ್ಯಾನರ್‌ಮನ್, 1992ರಲ್ಲಿ ಜಿಂಬಾಬ್ವೆಯ ಡೇವ್ ಹೌಟನ್, 2000ದಲ್ಲಿ ಬಾಂಗ್ಲಾದೇಶದ ಅಮಿನುಲ್ ಇಸ್ಲಾಂ. ಕೆವಿನ್ ನಾಲ್ಕನೆಯವರು. ಆ ತಂಡದಲ್ಲಿ ಅಣ್ಣ ನೀಲ್ ಇದ್ದರು, ಮರಳಿ ಬಂದಿದ್ದ ರ‍್ಯಾಂಕಿನ್ ಇದ್ದರು, ಹಾಗೆಯೇ ಮರಳಿದ್ದ ಮೂವತ್ತೊಂಬತ್ತರ ಎಡ್ ಜಾಯ್ಸ್ ಕೂಡ ಇದ್ದರು. ಜಾಯ್ಸ್ ಅವರಿಗೆ ಅದು ಮೊದಲ ಟೆಸ್ಟ್, ಕೊನೆಯದೂ ಅದೇ.

ಎರಡನೇ ಟೆಸ್ಟ್ 2019ರ ಮಾರ್ಚ್‌ನಲ್ಲಿ ಡೆಹ್ರಾಡೂನ್‌ನಲ್ಲಿ, ಅಫ್ಘಾನಿಸ್ತಾನದ ವಿರುದ್ಧ. ಕೆವಿನ್ 12 ಮತ್ತು 56. ಮೂರನೆಯದು ಜುಲೈನಲ್ಲಿ ಲಾರ್ಡ್ಸ್‌ನಲ್ಲಿ. ಹತ್ತು ದಿನ ಹಿಂದೆ ಅದೇ ಮೈದಾನದಲ್ಲಿ ಡಬ್ಲಿನ್‌ನ ಮಾರ್ಗನ್ ಇಂಗ್ಲೆಂಡ್ ನಾಯಕರಾಗಿ ವಿಶ್ವಕಪ್ ಎತ್ತಿದ್ದರು. ಆ ಇಂಗ್ಲೆಂಡನ್ನು ಐರ್ಲೆಂಡ್ ಮೊದಲ ದಿನ ಊಟದ ವಿರಾಮಕ್ಕೆ ಮುನ್ನವೇ 85ಕ್ಕೆ ಮುಗಿಸಿತು. ಟಿಮ್ ಮುರ್ಟಾಗ್ 13 ರನ್‌ಗೆ 5 ವಿಕೆಟ್. ಗೆಲ್ಲಲು 182 ಬೇಕಿದ್ದಾಗ ಅದೇ ಐರ್ಲೆಂಡ್ 38ಕ್ಕೆ ಆಲೌಟ್. ಕೆವಿನ್ 28 ಅಜೇಯ ಮತ್ತು 4.

ಅಲ್ಲಿಗೆ ಮುಗಿಯಿತು. 3 ಟೆಸ್ಟ್, 258 ರನ್, ಸರಾಸರಿ 51.60. ಇದು ಚಿಕ್ಕ ಲೆಕ್ಕ, ದೊಡ್ಡ ತೀರ್ಮಾನಕ್ಕೆ ಆಗುವುದಿಲ್ಲ ಎಂದು ಅಂಕಿಅಂಶದವರು ಹೇಳಬಹುದು. ಸರಿಯೇ. ಆದರೆ ಲೆಕ್ಕ ಚಿಕ್ಕದಾದದ್ದು ಅವರ ತಪ್ಪಿನಿಂದಲ್ಲ.

ಟಿ20ಯಲ್ಲಿ ಅವರು ಆಮೇಲೆಯೂ ಬಹಳ ಕೆಲಸ ಮಾಡಿದರು. 2019ರ ಅಕ್ಟೋಬರ್‌ನಲ್ಲಿ ಒಮಾನ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ 62 ಎಸೆತಕ್ಕೆ 124. ಅದರೊಂದಿಗೆ ಮೂರೂ ಮಾದರಿಯಲ್ಲಿ ಶತಕ ಹೊಡೆದ ಮೊದಲ ಐರಿಷ್ ಆಟಗಾರರಾದರು. 2020ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಸೂಪರ್ ಓವರಿನ ಕೊನೆಯ ಎಸೆತ, ಬೌಲರ್ ರಶೀದ್ ಖಾನ್. ಸಿಕ್ಸರ್ ಎತ್ತಿ ಗೆಲ್ಲಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಡಬ್ಲಿನ್‌ನ ಪೆಂಬ್ರೋಕ್ ಮೈದಾನದಲ್ಲಿ ಸ್ಥಳೀಯ ಟಿ20 ಆಡುವಾಗ ಅವರು ಬಾರಿಸಿದ ಸಿಕ್ಸರ್ ಹೊರಗೆ ನಿಲ್ಲಿಸಿದ್ದ ಕಾರಿನ ಗಾಜು ಒಡೆಯಿತು. ಕಾರು ಅವರದೇ. ಮೈದಾನದ ಪಕ್ಕದಲ್ಲೇ ತಮ್ಮ ಕಾರು ನಿಲ್ಲಿಸಿ ಆಡಲು ಹೋಗುವ ಅಂತರರಾಷ್ಟ್ರೀಯ ತಾರೆಯನ್ನು ನಾವು ಈಗ ಎಲ್ಲಿ ನೋಡುತ್ತೇವೆ?

ಆ ಆಗಸ್ಟ್‌ನ ಮೊದಲ ವಾರದಲ್ಲೇ ಸೌತಾಂಪ್ಟನ್‌ನಲ್ಲಿ ಐರ್ಲೆಂಡ್ ಮತ್ತೆ ಇಂಗ್ಲೆಂಡ್ ಎದುರು 329ರ ಗುರಿ ಬೆನ್ನಟ್ಟಿತು. ಬೆಂಗಳೂರಿನ ಗುರಿಗಿಂತ ಒಂದೇ ರನ್ ಹೆಚ್ಚು. ಎದುರು ತಂಡದ ನಾಯಕ ಮಾರ್ಗನ್, ಅವರೂ ಶತಕ ಹೊಡೆದಿದ್ದರು. ಐರ್ಲೆಂಡ್ ಪರ ಸ್ಟರ್ಲಿಂಗ್ 142, ಬಾಲ್‌ಬರ್ನಿ 113. ಒಂದು ಎಸೆತ ಉಳಿದಿರುವಾಗ ಗೆದ್ದರು. ಕೊನೆಗೆ ಕ್ರೀಸಿನಲ್ಲಿದ್ದು ಮುಗಿಸಿದ ಇಬ್ಬರಲ್ಲಿ ಒಬ್ಬರು ಕೆವಿನ್, ಅಜೇಯ 21. ಹಿಂದೆ ಅವರ ಹೆಗಲ ಮೇಲಿದ್ದ ಭಾರವನ್ನು ಈಗ ಕಿರಿಯರು ಹೊತ್ತಿದ್ದರು.

2022ರ ಆಗಸ್ಟ್ 16ರಂದು ಅವರು ನಿವೃತ್ತಿ ಘೋಷಿಸಿದರು. ಆಸ್ಟ್ರೇಲಿಯದ ಟಿ20 ವಿಶ್ವಕಪ್ ಆಡಿ ಮುಗಿಸುವ ಆಸೆ ಇತ್ತು, ಆಯ್ಕೆಗಾರರು ಬೇರೆ ದಾರಿ ನೋಡುತ್ತಿದ್ದಾರೆ ಎನಿಸಿದೆ ಎಂಬರ್ಥದ ಮಾತು ಅದರಲ್ಲಿತ್ತು. ಏಕದಿನದಲ್ಲಿ 3,619 ರನ್ ಮತ್ತು 114 ವಿಕೆಟ್ ಅವರ ಗಳಿಕೆ. ಏಕದಿನಕ್ಕೆ ವಿದಾಯ ಹೇಳಿದಾಗ ಅವರೇ ಐರ್ಲೆಂಡ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು. ಬೆಂಗಳೂರಿನ ಬ್ಯಾಟಿಂಗ್ ನೆನೆಯುವಾಗ ಅವರ ಬೌಲಿಂಗ್ ಯಾರಿಗೂ ನೆನಪಾಗುವುದಿಲ್ಲ.

ಲಾರ್ಡ್ಸ್ ಟೆಸ್ಟ್ ಆದ ಮೇಲೆ ಐರ್ಲೆಂಡ್ ನಾಲ್ಕನೇ ಟೆಸ್ಟ್ ಆಡಿದ್ದು 2023ರ ಏಪ್ರಿಲ್‌ನಲ್ಲಿ, ಢಾಕಾದ ಮೀರ್‌ಪುರದಲ್ಲಿ. ನಡುವೆ ಮೂರೂವರೆ ವರ್ಷಕ್ಕೂ ಹೆಚ್ಚು ಒಂದೂ ಟೆಸ್ಟ್ ಇಲ್ಲ. ಕೋವಿಡ್ ಇತ್ತು ನಿಜ. ಶಾಶ್ವತ ಕ್ರೀಡಾಂಗಣವಿಲ್ಲದ ಮಂಡಳಿಗೆ ಪ್ರತಿ ಸಲವೂ ತಾತ್ಕಾಲಿಕ ಗ್ಯಾಲರಿ ಕಟ್ಟಿ ಐದು ದಿನ ಟೆಸ್ಟ್ ನಡೆಸುವುದೆಂದರೆ ಕೈಯಿಂದ ಹಣ ಸುರಿದಂತೆ, ಅದೂ ನಿಜ. ಆದರೂ ಪೂರ್ಣ ಸದಸ್ಯತ್ವ ಕೊಟ್ಟು ಪಂದ್ಯ ಕೊಡದಿರುವುದು ಯಾವ ನ್ಯಾಯ? 2024ರಲ್ಲಿ ಅಬುಧಾಬಿಯಲ್ಲಿ ಅಫ್ಘಾನಿಸ್ತಾನದ ವಿರುದ್ಧ ಐರ್ಲೆಂಡ್ ಮೊದಲ ಟೆಸ್ಟ್ ಗೆಲುವು ಕಂಡಾಗ ಕೆವಿನ್ ಆ ತಂಡದಲ್ಲಿರಲಿಲ್ಲ. ಅವರ ಮೂರೂ ಟೆಸ್ಟ್ ಸೋಲೇ.

ಕೊನೆಗೆ ಒಂದು ಕೋರಿಕೆ. ಆ ಶಿವರಾತ್ರಿಯಂದು ಚಿನ್ನಸ್ವಾಮಿಯಲ್ಲಿ ಕುಳಿತು ಪಂದ್ಯ ನೋಡಿದವರು ಈ ಸಭೆಯಲ್ಲಿ ಒಬ್ಬಿಬ್ಬರಾದರೂ ಇರಬಹುದು. ನಮ್ಮವರ ಆಟದ ಬಗ್ಗೆ ಕನ್ನಡದಲ್ಲಿ ಬರೆದದ್ದೇ ಕಡಿಮೆ, ಹೊರಗಿನವರು ನಮ್ಮ ಅಂಗಳದಲ್ಲಿ ಆಡಿದ್ದರ ಬಗ್ಗೆ ಇನ್ನೂ ಕಡಿಮೆ. ಸ್ಕೋರ್‌ಕಾರ್ಡ್ ಎಲ್ಲಾದರೂ ಸಿಗುತ್ತದೆ. ಯಾವ ಗ್ಯಾಲರಿಯಲ್ಲಿದ್ದಿರಿ, ಪಕ್ಕದವರು ಏನೆಂದರು, ಎಷ್ಟನೇ ಓವರಿನಲ್ಲಿ ನಿಮಗೆ ನಂಬಿಕೆ ಬಂತು, ಇವು ನಿಮ್ಮಲ್ಲಿ ಮಾತ್ರ ಇವೆ. ದಯವಿಟ್ಟು ಬರೆದು ಕೊಡಿ.